ದಪ್ಪ ಪುಸ್ತಕದಿಂದ ಶುರು ಮಾಡಬೇಡಿ

ಅಕ್ಕಾ, ನಮ್ಮ ಕೈತೋಟದ ಗುಂಪಿಗೆ ನೀವು ಹಾಕಿದ, ಲೈಬ್ರರಿಯಿಂದ ತಂದ ಕೈತೋಟದ ಪುಸ್ತಕಗಳ ರಾಶಿಯ ಫೋಟೋ ನೋಡಿದೆ. "ದಪ್ಪದ್ದನ್ನೇ ಮೊದಲು ಹಿಡಿದಿದ್ದೇನೆ, ಪೀಠಿಕೆ ನಡೀತಿದೆ" ಅಂತ ಬೇರೆ ಬರೆದಿದ್ದೀರಿ. ಬಿಡಿ ಅದನ್ನು. ನಾನೂ ಹಾಗೇ ಓದುತ್ತಿದ್ದವನೇ, ಮಣ್ಣಿನ ಅಧ್ಯಾಯ ಮುಗಿಯೋ ಹೊತ್ತಿಗೆ ವಾಪಸ್ ಕೊಡೋ ದಿನ ಬಂದಿರುತ್ತಿತ್ತು.

ನಿಮಗೆ ಕೈಕೊಟ್ಟ ಒಂದು ಗಿಡದ ಪುಟಕ್ಕೆ ನೇರ ಹೋಗಿ. ನಿಮ್ಮದು ಟೊಮೆಟೊ, ಕಾಯಿಯ ತಳ ಕಪ್ಪಾಗಿ ಕೊಳೆತದ್ದನ್ನು ಇಲ್ಲೇ ಹಾಕಿದ್ದಿರಿ. ಎಲ್ಲ ಪುಸ್ತಕದಲ್ಲೂ ಅದೊಂದನ್ನೇ ಹುಡುಕಿ. ಅದು ಅಂಟುರೋಗ ಅಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗೋದು. ಮಣ್ಣಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಇದ್ದೇ ಇರುತ್ತೆ. ನಾವು ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿದರೆ ಅದು ಕಾಯಿವರೆಗೆ ಏರಲ್ಲ. ನೀರಿನ ಮಾತೆತ್ತಿದ ಪುಸ್ತಕ ಇಟ್ಟುಕೊಳ್ಳಿ. ಶಿಲೀಂಧ್ರನಾಶಕ ಹೊಡೆಯಿರಿ ಅಂದರೆ ಮುಚ್ಚಿ. ಎಪ್ಸಮ್ ಸಾಲ್ಟ್ ಅಂದರೆ ಇನ್ನೂ ಬೇಗ ಮುಚ್ಚಿ. ಅದರಲ್ಲಿರೋದು ಮೆಗ್ನೀಸಿಯಂ, ಜಾಸ್ತಿಯಾದರೆ ಬೇರು ಕ್ಯಾಲ್ಸಿಯಂ ಹೀರೋದಕ್ಕೇ ಅಡ್ಡಿ. ಈ ಗುಂಪಲ್ಲೂ ಕೆಮ್ಮಿಗೂ ನೆಗಡಿಗೂ ಎಪ್ಸಮ್ ಅನ್ನೋರಿದ್ದಾರೆ, ಹೆಸರು ಹೇಳಲ್ಲ. ಮೊಟ್ಟೆ ಚಿಪ್ಪಿನವರೂ ಕೇಳಿ, ಒರಟಾಗಿ ಪುಡಿ ಮಾಡಿ ಹಾಕಿದ ಚಿಪ್ಪು ಕರಗೋಷ್ಟರಲ್ಲಿ ಈ ಬೆಳೆ ಮುಗಿದಿರುತ್ತೆ.

ಹಾಗಂತ ಕಸಿ ಕಟ್ಟೋ ಪುಸ್ತಕದಲ್ಲಿ ಟೊಮೆಟೊ ಇಲ್ಲ ಅಂತ ಪಕ್ಕಕ್ಕಿಡಬೇಡಿ. ಅಂಥದ್ದರಲ್ಲಿ ನಿಮಗೆ ಗೊತ್ತಿರೋ ದಾಸವಾಳವನ್ನೋ ನಿಂಬೆಯನ್ನೋ ನೋಡಿ.

ಇಸವಿ ನೋಡುವಾಗ ಹುಷಾರು, ಮೊನ್ನೆ ಮೊನ್ನೆಯ ಮರುಮುದ್ರಣದೊಳಗೆ ಹಳೇ ಪಠ್ಯವೇ ಇರಬಹುದು. ಔಷಧಿಯ ಪುಟ ತೆರೆದರೆ ಗೊತ್ತಾಗುತ್ತೆ. ಎಂಡೋಸಲ್ಫಾನ್ ಕೀಟನಾಶಕ ಇದ್ದರೆ ಅದು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯೋದಕ್ಕಿಂತ ಹಿಂದಿನ ಬರಹ. ಬುಡಕ್ಕೆ ಫೋರೇಟ್ ಅನ್ನೋ ಕೀಟನಾಶಕದ ಹರಳು ಹಾಕಿ ಅಂತಿದ್ದರೆ, ಅದೂ 2020ರ ಡಿಸೆಂಬರ್ ಕೊನೆಯಿಂದ ಪೂರ್ತಿ ನಿಷೇಧ. ಯಾರಾದರೂ ಹಳೇ ಸ್ಟಾಕ್ ಇದೆ ಅಂತ ಕೊಟ್ಟರೂ ಮುಟ್ಟಬೇಡಿ, ಮನೇಲಿ ಮಕ್ಕಳಿದ್ದಾರೆ. ಆದರೆ ಆ ಒಂದು ಅಧ್ಯಾಯಕ್ಕಾಗಿ ಇಡೀ ಪುಸ್ತಕ ಬಿಡಬೇಡಿ. ಗೂಟಿ ಕಟ್ಟೋದು (ಗಿಡದಲ್ಲಿರೋ ಕೊಂಬೆಗೇ ಬೇರು ಬರಿಸೋದು), ಕಣ್ಣು ಕಸಿ, ಸವರೋದು ಇವನ್ನೆಲ್ಲ ಹಳಬರು ಬರೆದಷ್ಟು ಬಿಡಿಸಿ ಈಗಿನವರು ಬರೆಯಲ್ಲ.

ಆ ನುಣುಪು ಕಾಗದದ ಇಂಗ್ಲೆಂಡಿನ ಪುಸ್ತಕ ಚಿತ್ರಕ್ಕೆ ಚೆನ್ನ, ಗಿಡ ಗುರುತಿಸೋಕೂ ಆದೀತು. ದಿಕ್ಕು, ತಿಂಗಳು ಮಾತ್ರ ಅದರಿಂದ ತಗೋಬೇಡಿ. ಅವರು ದಕ್ಷಿಣದ ಗೋಡೆ ಬೆಚ್ಚಗೆ ಅಂತಾರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಆಗ ಅವರ ದಕ್ಷಿಣದ ಲೆಕ್ಕ ನಮಗೆ ಹೊಂದಲ್ಲ. ಅವರ ಪೂರ್ತಿ ಬಿಸಿಲಿನ ಸೊಪ್ಪು ನಮ್ಮ ತಾರಸಿಯ ಏಪ್ರಿಲ್ ಬಿಸಿಲಿಗೆ ಸೊರಗಿಹೋಗುತ್ತೆ, ನೆರಳು ಬಲೆ ಬೇಕು.

ರೈತರಿಗೆ ಬರೆದ ತೆಳ್ಳನೆ ಪುಸ್ತಿಕೆಗಳನ್ನು ಮಾತ್ರ ಬಿಡಬೇಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯ, ಇವರದ್ದು ಸಿಕ್ಕರೆ ಅದೇ ಮೊದಲು. ಮುಖಪುಟ ಮಂಕು, ಒಳಗೆ ತಳಿ, ಅಂತರ, ಬಿತ್ತೋ ಕಾಲ ಎಲ್ಲ ನಮ್ಮ ಕಡೆಯದ್ದು. ತೊಡಕು ಲೆಕ್ಕದ್ದು. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಅಂತಿರುತ್ತೆ, ನೋಡಿ ಗಾಬರಿಯಾಗಬೇಡಿ. ಹೆಕ್ಟೇರಿಗೆ 10 ಟನ್ ಅಂದರೆ ಚದರ ಮೀಟರಿಗೆ 1 ಕೆಜಿ, ಹಾಗಾಗಿ ಇದು ಎರಡೂವರೆ ಕೆಜಿ. ಆದರೆ 12 ಇಂಚಿನ ಗ್ರೋ ಬ್ಯಾಗಿಗೆ ಇದೇ ಲೆಕ್ಕ ಹಿಡಿದರೆ 180 ಗ್ರಾಂ ಹತ್ತಿರ ಬರುತ್ತೆ, ಸಾಲಲ್ಲ. ಬ್ಯಾಗಲ್ಲಿ ಬೇರಿಗೆ ಓಡಾಡೋಕೆ ಜಾಗ ಇಲ್ಲ, ನೀರಿನ ಜೊತೆ ಸತ್ವವೂ ಸೋರಿಹೋಗುತ್ತೆ. ನಾನು ಮಣ್ಣಿನ ಮಿಶ್ರಣದಲ್ಲೇ ಮೂರರಲ್ಲೊಂದು ಪಾಲು ಎರೆಗೊಬ್ಬರ ಹಾಕ್ತೀನಿ. ಯೂರಿಯಾ, ಡಿಎಪಿಯ ಪ್ರಮಾಣಕ್ಕೆ ಈ ಧಾರಾಳತನ ತೋರಿಸಬೇಡಿ, ಗಿಡ ಸುಟ್ಟುಹೋಗುತ್ತೆ.

ಪುಟಪುಟಕ್ಕೂ ಒಂದೇ ಕಂಪನಿಯ ಟಾನಿಕ್ ಹೆಸರು ಬರೋ ಪುಸ್ತಕ ಜಾಹೀರಾತು, ಓದಬೇಡಿ. ತರಕಾರಿಗೆ ಲಘು ಪೋಷಕಾಂಶ ಸಿಂಪಡಿಸಲೇಬೇಕು ಅಂದರೆ ಐಐಎಚ್‌ಆರ್‌ನವರ ವೆಜಿಟೆಬಲ್ ಸ್ಪೆಷಲ್ ಇದೆ, ನನಗೆ ಅಷ್ಟು ಸಾಕು.

ಮುಂದಿನ ಸಲ ಲೈಬ್ರರಿಗೆ ಹೋದಾಗ ಕೈತೋಟದ ಪುಸ್ತಕ ಇಡೋ 635ರ ಕಪಾಟೊಂದನ್ನೇ ನೋಡಿ ಬರಬೇಡಿ. ವಿಷಯಕ್ಕೊಂದರಂತೆ ಡ್ಯೂಯಿ ಸಂಖ್ಯೆ ಹಾಕಿರೋ ಲೈಬ್ರರಿಯಾದರೆ ಮಣ್ಣು, ಗೊಬ್ಬರ 631ರಲ್ಲಿ, ಕೀಟ, ರೋಗ 632ರಲ್ಲಿ, ಹಣ್ಣು 634ರಲ್ಲಿ ಇರುತ್ತೆ. ನಿಮ್ಮ ಕುಂಡದ ಅಂಜೂರಕ್ಕೆ ಬೇಕಾದದ್ದು ಅಲ್ಲೇ ಸಿಗಬಹುದು.