ಜರಡಿ ಹಿಡಿದರೂ ಅಕ್ಕಿಗೆ ಮತ್ತೆ ಹುಳು: ಮೈಕ್ರೋವೇವ್ ಆಗುತ್ತಾ?
ಜರಡಿ ಹಿಡಿದರೂ ಅಕ್ಕಿಯಲ್ಲಿ ಮತ್ತೆ ಹುಳು ಬರುತ್ತಿದೆ, ಮೈಕ್ರೋವೇವ್‌ನಲ್ಲಿ ಕಾಯಿಸಬಹುದಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಹುಳುವಿನ ಮೊಟ್ಟೆ ಕಾಳಿನ ಒಳಗಿದೆ, ಅದಕ್ಕೇ ಜರಡಿ ಹಿಡಿದ ಮೂರ್ನಾಲ್ಕು ವಾರಕ್ಕೆ ಮತ್ತೆ ಹುಳು ಬರುತ್ತಿದೆ. ಸೊಂಡಿಲು ಹುಳು ಅಕ್ಕಿ ಕೊರೆದು ಮೊಟ್ಟೆ ಇಟ್ಟು, ತೂತು ಮುಚ್ಚಿಬಿಡುತ್ತದೆ. ಸೂಜಿ ಚುಚ್ಚಿದಂಥ ದುಂಡು ತೂತಿರುವ ಕಾಳು ಕಂಡರೆ, ಒಳಗೆ ಬೆಳೆದ ಹುಳು ಹೊರಬಂದಿರುವ ಗುರುತು ಅದು. ತೀರ್ಥಹಳ್ಳಿ ಮಳೆಯಲ್ಲಿ ಬಿಸಿಲು ನಂಬಿಕೊಂಡು ಕೂರೋಕಾಗಲ್ಲ ಅಲ್ವಾ, ಹಾಗಾಗಿ ನಿಮ್ಮ ಮೈಕ್ರೋವೇವ್ ಯೋಚನೆ ಸರಿಯಾಗಿದೆ.

ಒಂದು ಸಲಕ್ಕೆ ಅರ್ಧ ಕೆಜಿ ಸಾಕು. ಅಗಲ ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮಧ್ಯಮ ಪವರ್‌ನಲ್ಲಿ 30 ಸೆಕೆಂಡ್ ಇಡಿ. ತೆಗೆದು ಚೆನ್ನಾಗಿ ಕೈಯಾಡಿಸಿ, ಮತ್ತೆ ಇಡಿ. ಕೈಯಾಡಿಸೋದನ್ನು ಬಿಡಲೇಬೇಡಿ. ಮೈಕ್ರೋವೇವ್ ಶಾಖ ಒಂದೇ ಸಮ ಹರಡಲ್ಲ, ತಣ್ಣಗೆ ಉಳಿದ ಮೂಲೆಯಲ್ಲಿ ಹುಳು ಬದುಕುತ್ತದೆ. ಎಷ್ಟು ಸುತ್ತು ಬೇಕು ಅನ್ನೋದು ಓವನ್‌ನಿಂದ ಓವನ್‌ಗೆ ಬದಲಾಗುತ್ತದೆ, ಖಚಿತವಾಗಿ ಹೇಳೋಕಾಗಲ್ಲ. ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಎಲ್ಲ ಕಡೆ 60 ಡಿಗ್ರಿ ಬಂದ ಮೇಲೆ ದಪ್ಪ ಬಟ್ಟೆ ಮುಚ್ಚಿ 15 ನಿಮಿಷ ಬಿಡಿ. ಜಾಸ್ತಿ ಕಾಯಿಸಿದರೆ ಅಕ್ಕಿ ಬಿರುಕು ಬಿಡುತ್ತದೆ.

ಆಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಿ. ಬಿಸಿಯಲ್ಲೇ ತುಂಬಿದರೆ ಮುಚ್ಚಳದಲ್ಲಿ ಹನಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ಹಳೇ ಡಬ್ಬದ ಸಂದಿಯ ಹಿಟ್ಟು ಕೆರೆದು ತೊಳೆದು, ಒಣಗಿಸಿಯೇ ತುಂಬಿ.

ಬಿತ್ತನೆ ಭತ್ತಕ್ಕೆ ಮಾತ್ರ ಇದು ಬೇಡ, ಮೊಳಕೆ ಹೋಗುತ್ತದೆ.