ಬೋರ್ಡಿನ ಮೇಲಿನ ಆ ಟ್ರೇನಿಂಗಿಗೆ ಹೆಸರು ಕೊಡಿ

ಹುಬ್ಬಳ್ಳಿಯಿಂದ ಬಂದು ಇನ್ನೂ ವರ್ಷ ತುಂಬಿಲ್ಲ, ಕೆನಡಾದ ಬ್ರಾಂಪ್ಟನ್‌ನ ಬೇಕರಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಅಂತ ಬರೆದಿದ್ದೀರಿ. ಊಟದ ಕೋಣೆಯ ಬೋರ್ಡಿನಲ್ಲಿ ‘ಎಸೆನ್ಷಿಯಲ್ ಸ್ಕಿಲ್ಸ್ ಟ್ರೇನಿಂಗ್, ಸರ್ಕಾರದ ನೆರವಿದೆ, ಆಸಕ್ತರು ಹೆಸರು ಕೊಡಿ’ ಅಂತ ಹಾಕಿದ್ದಾರಂತೆ. ಜೊತೆಯವರು ‘ಹೆಸರು ಕೊಟ್ರೆ ನಮಗೆ ಇಂಗ್ಲಿಷ್ ಬರಲ್ಲ ಅಂತ ನಾವೇ ಬರೆದುಕೊಟ್ಟಂಗೆ, ಲೇಆಫ್ ಬಂದಾಗ ಮೊದಲು ತೆಗೆಯೋದು ನಮ್ಮನ್ನೇ’ ಅಂತ ಹೆದರಿಸಿದ್ದಾರೆ. ಅದೇ ಸರ್ಕಾರಿ ದುಡ್ಡಿಗೆ ನೀವೇ ಅರ್ಜಿ ಹಾಕಿ ಪೇರೋಲ್ (ಸಂಬಳದ ಲೆಕ್ಕ ನೋಡೋ ಕೆಲಸ) ಕೋರ್ಸ್ ಮಾಡಬಹುದಾ, ‘ಅಕ್ಕಾ, ನಿಜ ಹೇಳಿ’ ಅಂತ ಕೇಳಿದ್ದೀರಿ.

ಹೆಸರು ಕೊಡಿ. ಆದರೆ ದುಡ್ಡಿಗೆ ನೀವು ಅರ್ಜಿ ಹಾಕೋಕೆ ಆಗಲ್ಲ.

ನಾನಿರೋದು ಮಿಸಿಸಾಗದಲ್ಲಿ, ಒಂದು ಆಹಾರ ತಯಾರಿಕೆ ಕಂಪನಿಯ ಎಚ್‌ಆರ್ ವಿಭಾಗದಲ್ಲಿ. ಇಂಥ ಅರ್ಜಿಗಳನ್ನು ತುಂಬಿ ಕಳಿಸೋದು ನನ್ನ ಕೆಲಸದಲ್ಲೇ ಸೇರಿದೆ. ಹಾಗಾಗಿ ಒಳಗಿನ ಲೆಕ್ಕ ಹೇಳ್ತೀನಿ.

ಇದರ ಮೂಲ ಕೆನಡಾ ಜಾಬ್ ಗ್ರ್ಯಾಂಟ್, ಅಂದರೆ ಕೆಲಸಗಾರರ ತರಬೇತಿಗೆ ಅಂತ ಕಂಪನಿಗಳಿಗೆ ಸರ್ಕಾರ ಕೊಡೋ ನೆರವಿನ ಹಣ. 2013ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದರು, 2014ರಿಂದ ಪ್ರಾಂತ್ಯಗಳು ಜಾರಿಗೆ ತಂದವು. ಮಧ್ಯೆ ಒಂದು ತಮಾಷೆ ನಡೀತು. ಪ್ರಾಂತ್ಯಗಳ ಜೊತೆ ಒಪ್ಪಂದ ಆಗೋದಕ್ಕೂ ಮೊದಲೇ ಐಸ್ ಹಾಕಿ ಪಂದ್ಯಗಳ ನಡುವೆ ಟಿವಿಯಲ್ಲಿ ಜಾಹೀರಾತು ಹಾಕಿಬಿಟ್ಟರು. ಆ ಜಾಹೀರಾತು ಜನರ ದಾರಿ ತಪ್ಪಿಸುವಂಥದ್ದು ಅಂತ ಇಲ್ಲಿನ ಜಾಹೀರಾತು ಮಂಡಳಿಯೇ ಹೇಳಿತು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ನಮ್ಮೂರಿನ ರಾಜಕಾರಣಿಗಳು ಮಾತ್ರ ಅಂತ ತಿಳ್ಕೊಂಡಿದ್ದೆ.

ನಮ್ಮ ಪ್ರಾಂತ್ಯ ಆಂಟಾರಿಯೊದಲ್ಲಿ ಇದರ ಹೆಸರು ಕೆನಡಾ-ಆಂಟಾರಿಯೊ ಜಾಬ್ ಗ್ರ್ಯಾಂಟ್. ಅರ್ಜಿ ಹಾಕಬೇಕಾದ್ದು ಕಂಪನಿ, ಕೆಲಸಗಾರರಲ್ಲ. ಪಾಠ ಮಾಡುವವರು ಹೊರಗಿನವರಾಗಿರಬೇಕು: ಕಾಲೇಜು, ಸ್ಕೂಲ್ ಬೋರ್ಡ್, ಖಾಸಗಿ ತರಬೇತಿ ಸಂಸ್ಥೆ, ಯೂನಿಯನ್ನಿನ ತರಬೇತಿ ಕೇಂದ್ರ, ಇಂಥವರು. ಸೂಪರ್‌ವೈಸರ್ ತಾನೇ ನಿಂತು ಪಾಠ ಹೇಳಿ ಬಿಲ್ ಹಾಕೋಕೆ ಬರಲ್ಲ. ನಾವು ಅರ್ಜಿ ಹಾಕಿದಾಗಿನ ಲೆಕ್ಕ ಹೀಗಿತ್ತು. ನೂರಕ್ಕಿಂತ ಕಮ್ಮಿ ಜನ ಇರುವ ಕಂಪನಿ ಖರ್ಚಿನ ಆರನೇ ಒಂದು ಭಾಗ ಹಾಕಬೇಕು, ನೂರು ಅಥವಾ ಹೆಚ್ಚಿದ್ದರೆ ಅರ್ಧ. ಸರ್ಕಾರದ ಪಾಲು ಒಬ್ಬರಿಗೆ 10,000 ಡಾಲರ್ ಮೀರುವಂತಿಲ್ಲ. ಅಂದರೆ ತಲೆಗೆ 1,200 ಡಾಲರ್ ಶುಲ್ಕದ ತರಗತಿಗೆ ಸಣ್ಣ ಕಂಪನಿ ಕೊಡೋದು 200, ದೊಡ್ಡದು 600. ಕೆಲಸ ಇಲ್ಲದವರನ್ನು ಹೊಸದಾಗಿ ಸೇರಿಸಿಕೊಂಡು ಕಲಿಸುವ ಸಣ್ಣ ಕಂಪನಿಗಾದರೆ 15,000 ಡಾಲರ್ ತನಕ ಪೂರ್ತಿ ಶುಲ್ಕ ಸಿಗುತ್ತಿತ್ತು. ಶುಲ್ಕ, ಪುಸ್ತಕ, ಪರೀಕ್ಷೆ ಫೀಸು ಇವಕ್ಕೆಲ್ಲ ಹಣ ಉಂಟು, ಕಲಿಯುವ ಹೊತ್ತಿನ ಸಂಬಳಕ್ಕೆ ಇಲ್ಲ. ಮಂಜೂರಾತಿ ಬರೋ ಮುಂಚೆ ತರಗತಿ ಶುರು ಮಾಡಿದರೆ ಹಣ ಹೋಯ್ತು ಅಂತಲೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಎಷ್ಟೋ ಸಣ್ಣ ಫ್ಯಾಕ್ಟರಿ ಮಾಲೀಕರಿಗೆ ಈ ಯೋಜನೆ ಇರೋದೇ ಗೊತ್ತಿಲ್ಲ. ಗೊತ್ತಿದ್ದವರಿಗೆ ಫಾರಂ ತುಂಬುವ ವ್ಯವಧಾನ ಇಲ್ಲ. ತುಂಬುವವರು ಹೆಚ್ಚಾಗಿ ತಮ್ಮ ಮ್ಯಾನೇಜರುಗಳನ್ನೇ ಲೀಡರ್‌ಶಿಪ್ ಕೋರ್ಸಿಗೆ ಕಳಿಸ್ತಾರೆ, ಲೈನಿನ ಮೇಲೆ ನಿಂತವರ ನೆನಪು ಆಗೋದು ಕೊನೆಗೆ. ನಿಮ್ಮ ಕಂಪನಿ ಪ್ಯಾಕಿಂಗಿನವರಿಗಾಗಿ ಬೋರ್ಡ್ ಹಾಕಿದೆ ಅಂದರೆ ಒಳಗೆ ಯಾರೋ ಒಬ್ಬರು ಇದಕ್ಕಾಗಿ ಬಡಿದಾಡಿದ್ದಾರೆ. ಹೆಸರೇ ಬರದಿದ್ದರೆ ‘ನೋಡಿ, ಯಾರಿಗೂ ಬೇಕಿಲ್ಲ’ ಅಂತ ಮುಂದಿನ ಸಲ ಅವರ ಬಾಯಿ ಮುಚ್ಚಿಸ್ತಾರೆ.

ಈಗ ಆ ಎಸೆನ್ಷಿಯಲ್ ಸ್ಕಿಲ್ಸ್ ವಿಷಯ. ನಿಮ್ಮ ಜೊತೆಯವರು ಇದನ್ನು ಇಂಗ್ಲಿಷ್ ಟ್ಯೂಷನ್ ಅಂದುಕೊಂಡಿದ್ದಾರೆ. ಕೆನಡಾ ಸರ್ಕಾರದ ಹಳೇ ಪಟ್ಟಿಯಲ್ಲಿ ಒಂಬತ್ತು ಕೌಶಲಗಳಿದ್ದವು: ಓದು, ಬರಹ, ಲೆಕ್ಕ, ಮಾತು, ಯೋಚನೆ, ಕಂಪ್ಯೂಟರ್, ನಾಲ್ಕು ಜನರೊಂದಿಗೆ ಸೇರಿ ದುಡಿಯೋದು, ಕಲಿಯುತ್ತಲೇ ಇರೋದು, ಮತ್ತೆ ಡಾಕ್ಯುಮೆಂಟ್ ಯೂಸ್, ಅಂದರೆ ಫಾರಂ, ಪಟ್ಟಿಗಳನ್ನು ಓದಿ ತುಂಬೋದು. 2021ರಲ್ಲಿ ಪಟ್ಟಿ ತಿದ್ದಿ ‘ಸ್ಕಿಲ್ಸ್ ಫಾರ್ ಸಕ್ಸೆಸ್’ ಅಂತ ಹೆಸರು ಬದಲಾಯಿಸಿದರು. ಹೊಂದಿಕೊಳ್ಳುವ ಗುಣ, ಸೃಜನಶೀಲತೆ ಒಳಗೆ ಬಂದವು, ಡಾಕ್ಯುಮೆಂಟ್ ಯೂಸ್ ಪ್ರತ್ಯೇಕವಾಗಿ ಉಳಿಯಲಿಲ್ಲ. ನನ್ನನ್ನು ಕೇಳಿದರೆ ಫ್ಯಾಕ್ಟರಿ ನೆಲದ ಮೇಲೆ ಬೇಕಾದ್ದು ಅದೊಂದೇ. ಸೃಜನಶೀಲತೆ ಹಾಗಿರಲಿ, ಎದುರಿಗಿರೋ ಕಾಗದದ ಯಾವ ಮನೆಯಲ್ಲಿ ಏನು ತುಂಬಬೇಕು ಅನ್ನೋದು ಗೊತ್ತಾದರೆ ಸಾಕು.

ನಿಮ್ಮ ಲೈನನ್ನೇ ತಗೊಳ್ಳಿ. ಬ್ರೆಡ್ಡಿನ ಮೇಲಿನ ‘ಬೆಸ್ಟ್ ಬಿಫೋರ್’ ತಾರೀಖಿಗೆ ಇಲ್ಲಿ ತಿಂಗಳನ್ನು ಎರಡು ಅಕ್ಷರದಲ್ಲಿ ಹಾಕ್ತಾರೆ, ಇಂಗ್ಲಿಷಿಗೂ ಫ್ರೆಂಚಿಗೂ ಒಂದೇ ಹೊಂದಲಿ ಅಂತ. ಎಂಆರ್ ಮಾರ್ಚ್, ಎಂಎ ಮೇ, ಎಎಲ್ ಏಪ್ರಿಲ್, ಜೆಎನ್ ಜೂನ್, ಜೆಎಲ್ ಜುಲೈ. ಎಂಎ ನೋಡಿ ಮಾರ್ಚ್ ಅಂದುಕೊಳ್ಳೋದು ಡಿಗ್ರಿ ಮಾಡಿದವರಿಗೂ ಸಹಜ. ಶೀಟುಗಳಲ್ಲೋ ಇನ್ನೊಂದು ಪಾಡು: ಒಬ್ಬರು ತಿಂಗಳು ಮೊದಲು ಬರೀತಾರೆ, ಇನ್ನೊಬ್ಬರು ದಿನ ಮೊದಲು. 03/04 ಅಂದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಶಿವನೇ ಬಲ್ಲ. ಹಿಟ್ಟಿನ ಚೀಲ ಕಿಲೋದಲ್ಲಿ, ಹಳೇ ರೆಸಿಪಿ ಪೌಂಡಿನಲ್ಲಿ. ಹವಾಮಾನ ಸೆಲ್ಸಿಯಸ್, ಒಲೆ ಫ್ಯಾರನ್‌ಹೀಟ್.

ಅಲರ್ಜಿ ಶೀಟು ಇದೆಯಲ್ಲ, ಒಂದು ಮಾಲು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಲೈನ್ ತೊಳೆದದ್ದಕ್ಕೆ ಸಹಿ ಹಾಕೋದು? ಅದರ ಪಟ್ಟಿಯಲ್ಲಿ ಎಳ್ಳಿದೆ, ಸಾಸಿವೆ ಕೂಡ ಇದೆ. ದಿನಾ ಒಗ್ಗರಣೆಗೆ ಸಾಸಿವೆ ಸಿಡಿಸುವ ನಮಗೆ ಅದು ಅಪಾಯದ ವಸ್ತು ಅಂತ ತಲೆಗೇ ಹೊಳೆಯಲ್ಲ. ಆ ಶೀಟಿನಲ್ಲಿ ಒಂದು ಗುರುತು ತಪ್ಪಿದರೆ ಮಾಲನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಗಿ ಬರಬಹುದು. ಒಳ್ಳೇ ಟ್ರೇನರ್ ಬಂದರೆ ಈ ಶೀಟುಗಳನ್ನೇ ಪಠ್ಯ ಮಾಡ್ತಾರೆ: ನಿಮ್ಮದೇ ಫ್ಯಾಕ್ಟರಿಯ ಫಾರಂ, ಶಿಫ್ಟ್ ಬಿಡುವಾಗ ಮುಂದಿನವರಿಗೆ ಬರೆದಿಡುವ ನಾಲ್ಕು ಸಾಲು, ಮೆಷಿನ್ ಕೆಟ್ಟಾಗ ಫೋನಿನಲ್ಲಿ ಹೇಳೋ ರೀತಿ. ಕೆಟ್ಟ ಟ್ರೇನರ್ ವ್ಯಾಕರಣದ ಹಾಳೆಗಳನ್ನು ಹಂಚಿ ಹೋಗ್ತಾರೆ. ಮೊದಲ ತರಗತಿಯಲ್ಲೇ ಗೊತ್ತಾಗುತ್ತೆ.

ಹೆಸರು ಕೊಟ್ಟರೆ ಗುರುತು ಬೀಳುತ್ತೆ ಅನ್ನೋ ಭಯಕ್ಕೆ ಬರ್ತೀನಿ. ನಮ್ಮ ತರಗತಿಯಲ್ಲಿ ಪಂಜಾಬಿಗಳು, ಫಿಲಿಪೀನೊಗಳು, ಪೋರ್ಚುಗೀಸ್ ಹಿರಿಯರು ಇದ್ದರು. ಇಲ್ಲೇ ಹುಟ್ಟಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದವರೂ ಅಷ್ಟೇ ಇದ್ದರು. 2012ರ ಅಂತಾರಾಷ್ಟ್ರೀಯ ವಯಸ್ಕರ ಕೌಶಲ ಸಮೀಕ್ಷೆಯಲ್ಲಿ ಕೆನಡಾದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಓದುವ ಸಾಮರ್ಥ್ಯ, ಈಗಿನ ಕೆಲಸಗಳಿಗೆ ಸಾಮಾನ್ಯವಾಗಿ ಬೇಕು ಅನ್ನುವ ಮೂರನೇ ಹಂತಕ್ಕಿಂತ ಕೆಳಗಿತ್ತು. ಆದ್ದರಿಂದ ನಿಮ್ಮೊಬ್ಬರ ಮೇಲೆ ಹಣೆಪಟ್ಟಿ ಬೀಳೋದು ಅಂತೇನಿಲ್ಲ.

ಕಂಪನಿ ಇದನ್ನು ಮಾಡೋದು ಪುಣ್ಯಕ್ಕಲ್ಲ. ಅಪ್‌ಸ್ಕಿಲ್ ಅಂತ ಒಂದು ದೊಡ್ಡ ಪ್ರಯೋಗ ನಡೆದಿತ್ತು, ಎಂಟು ಪ್ರಾಂತ್ಯಗಳ ಹೋಟೆಲ್ ಕೆಲಸಗಾರರ ಮೇಲೆ. ಚೀಟಿ ಎತ್ತಿದ ಹಾಗೆ ಕೆಲವು ಹೋಟೆಲುಗಳಿಗೆ ತರಬೇತಿ ಕೊಟ್ಟು, ಉಳಿದವಕ್ಕೆ ಕೊಡದೆ ಬಿಟ್ಟು, ಎರಡನ್ನೂ ಹೋಲಿಸಿದರು. 2014ರ ವರದಿಯ ಪ್ರಕಾರ ತರಬೇತಿಗೆ ಹಾಕಿದ ಹಣದ ಮೇಲೆ ಹೋಟೆಲುಗಳಿಗೆ ಒಂದು ವರ್ಷದಲ್ಲೇ ಶೇ 23ರಷ್ಟು ಲಾಭ. ತೆಗೆದುಹಾಕಬೇಕು ಅಂದುಕೊಂಡವರ ಮೇಲೆ ಯಾವ ಮಾಲೀಕನೂ ದುಡ್ಡು ಹಾಕಲ್ಲ. ಹಾಗಂತ ಟ್ರೇನಿಂಗ್ ಆದವರಿಗೆ ಲೇಆಫೇ ಇಲ್ಲ ಅಂತ ನಾನು ಮಾತು ಕೊಡಲಾರೆ, ಆರ್ಡರ್ ಕಮ್ಮಿಯಾದರೆ ಯಾರನ್ನೂ ನೋಡಲ್ಲ.

ಹೆಸರು ಕೊಡೋ ಮುಂಚೆ ಎಚ್‌ಆರ್‌ನವರನ್ನು ಎರಡು ಮಾತು ಕೇಳಿ. ಶುರುವಿನಲ್ಲಿ ಒಂದು ಪರೀಕ್ಷೆ ಇರುತ್ತೆ, ಅದರ ಅಂಕ ಯಾರು ಯಾರು ನೋಡ್ತಾರೆ? ಟ್ರೇನರ್ ಹತ್ತಿರವೇ ಉಳಿದು, ಕಂಪನಿಗೆ ಒಟ್ಟು ಗುಂಪಿನ ಫಲಿತಾಂಶ ಮಾತ್ರ ಹೋಗೋದಾದರೆ ಚೆನ್ನ. ಎರಡನೇದು, ತರಗತಿಯ ಹೊತ್ತಿಗೆ ಸಂಬಳ ಉಂಟಾ? ಕಂಪನಿ ಕಡ್ಡಾಯ ಮಾಡಿದ ತರಬೇತಿಯಾದರೆ ಆಂಟಾರಿಯೊ ಕಾನೂನಿನಲ್ಲಿ ಅದು ಕೆಲಸದ ಸಮಯವೇ, ಸಂಬಳ ಕೊಡಲೇಬೇಕು. ‘ಇಷ್ಟ ಇದ್ದರೆ ಬನ್ನಿ’ ಅನ್ನೋ ತರಗತಿಗೆ ಆ ಕಟ್ಟು ಇಲ್ಲ. ಎಷ್ಟೋ ಕಡೆ ಅರ್ಧ ಗಂಟೆ ಕಂಪನಿಯದು, ಅರ್ಧ ಗಂಟೆ ನಿಮ್ಮದು ಅಂತ ಮಾಡ್ಕೊತಾರೆ, ಅದು ನ್ಯಾಯವಾಗಿಯೇ ಇದೆ. ಬೆಂಗಳೂರಿನ ಐಟಿ ಕಂಪನಿಗಳ ಬಾಂಡಿನ ಹಾಗೆ ‘ಇಷ್ಟು ತಿಂಗಳಲ್ಲಿ ಬಿಟ್ಟು ಹೋದರೆ ಖರ್ಚು ವಾಪಸ್’ ಅನ್ನೋ ಕಾಗದ ಮುಂದಿಟ್ಟರೆ ಮಾತ್ರ ಅಲ್ಲೇ ಸಹಿ ಹಾಕಬೇಡಿ. ಮನೆಗೆ ತಂದು ಓದಿ.

ಪೇರೋಲ್ ಕೋರ್ಸು: ನಿಮ್ಮ ಕಂಪನಿಗೆ ಪೇರೋಲ್ ಮಾಡುವವರು ಬೇಕಿದ್ದು, ನಿಮ್ಮನ್ನು ಆ ಜಾಗಕ್ಕೆ ತರುವ ಮನಸ್ಸಿದ್ದರೆ ಅವರು ಇದೇ ಗ್ರ್ಯಾಂಟಿಗೆ ಅರ್ಜಿ ಹಾಕಬಹುದು. ಪ್ಯಾಕಿಂಗಿಗೆ ಸೇರಿ ವರ್ಷ ಆಗದವರಿಗೆ ಅಷ್ಟು ಮಾಡ್ತಾರೆ ಅಂತ ನನಗನ್ನಿಸಲ್ಲ. ನಿಮ್ಮ ಸ್ವಂತ ಖರ್ಚಿನ ಓದಿಗೆ ಕೆನಡಾ ಟ್ರೇನಿಂಗ್ ಕ್ರೆಡಿಟ್ ಅಂತ ತೆರಿಗೆಯಲ್ಲಿ ಒಂದು ಅನುಕೂಲ ಇದೆ. 26ರಿಂದ 65 ವಯಸ್ಸಿನ ದುಡಿಯುವವರ ಹೆಸರಿಗೆ ವರ್ಷಕ್ಕೆ 250 ಡಾಲರ್ ಜಮಾ ಆಗ್ತಾ ಹೋಗುತ್ತೆ, ಜೀವಮಾನಕ್ಕೆ 5,000 ಮಿತಿ. ಕಾಲೇಜು ಶುಲ್ಕದ ಅರ್ಧದ ತನಕ ಅದರಿಂದ ವಾಪಸ್ ಪಡೀಬಹುದು. ಇದಕ್ಕೆ ತೆರಿಗೆ ರಿಟರ್ನ್ ಸಲ್ಲಿಸಿರಬೇಕು, ಆ ವರ್ಷ ಪೂರ್ತಿ ಕೆನಡಾದಲ್ಲಿ ಇದ್ದಿರಬೇಕು. ಹಾಗಾಗಿ ನಿಮ್ಮ ಖಾತೆ ಶುರುವಾಗೋಕೆ ಇನ್ನೂ ಸಮಯ ಇದೆ. ಕೋರ್ಸಿಗೆ ಈಗಲೇ ಸಾಲ ಮಾಡಬೇಡಿ.

ನಿಮ್ಮ ಕಂಪನಿಗೆ ಈ ಸಲ ಸಿಕ್ಕ ಹಣ ಮುಂದಿನ ವರ್ಷವೂ ಸಿಗುತ್ತೆ ಅಂತ ನಂಬಿ ಕೂರಬೇಡಿ. ಪ್ರಾಂತ್ಯಗಳ ಕೌಶಲ ತರಬೇತಿಗಳಿಗೆ ಕೇಂದ್ರ ಹೆಚ್ಚುವರಿಯಾಗಿ ಕೊಡುತ್ತಿದ್ದ 62.5 ಕೋಟಿ ಡಾಲರ್ 2024ರಲ್ಲಿ ನಿಂತುಹೋಯ್ತು. ಆಮೇಲೆ ಎಲ್ಲ ಕಡೆ ಕೈ ಬಿಗಿ. ಈ ವರ್ಷ ಏನಿದೆ ಅನ್ನೋದನ್ನು ಪ್ರಾಂತ್ಯ ಸರ್ಕಾರದ ಉದ್ಯೋಗ ಸೇವೆಯಾದ ಎಂಪ್ಲಾಯ್‌ಮೆಂಟ್ ಆಂಟಾರಿಯೊ ಕಚೇರಿಗೆ ಫೋನ್ ಮಾಡಿ ಯಾರು ಬೇಕಾದರೂ ಕೇಳಬಹುದು, ನೀವೂ ಕೇಳಬಹುದು.

ಯಜಮಾನರದು ಇನ್ನೂ ವರ್ಕ್ ಪರ್ಮಿಟ್, ನಿಮಗೆ ಪಿಆರ್ (ಇಲ್ಲೇ ಕಾಯಂ ಇರೋ ಅನುಮತಿ) ಆಗಿದೆ ಅಂತ ಬರೆದಿದ್ದೀರಿ. ಈ ಗ್ರ್ಯಾಂಟು ನಾಗರಿಕರು, ಪಿಆರ್ ಆದವರು ಮತ್ತು ಆಶ್ರಯ ಪಡೆದವರಿಗೆ ಮಾತ್ರ, ಯಜಮಾನರ ಕಂಪನಿ ಮನಸ್ಸು ಮಾಡಿದರೂ ಅವರ ಹೆಸರಿಗೆ ಬರಲ್ಲ. ಲಿಂಕ್ (LINC) ಅನ್ನೋ ಸರ್ಕಾರದ ಉಚಿತ ಇಂಗ್ಲಿಷ್ ತರಗತಿ ಇದೆಯಲ್ಲ, ಅದೂ ನಿಮಗೆ ಸಿಗುತ್ತೆ, ಅವರಿಗೆ ಈಗ ಸಿಗಲ್ಲ. ನೀವು ಸಿಟಿಜನ್ ಆದ ಮೇಲೆ ನಿಮಗೂ ಆ ಬಾಗಿಲು ಮುಚ್ಚುತ್ತೆ, ಬೇಕಿದ್ದರೆ ಅಷ್ಟರೊಳಗೆ ಮುಗಿಸಿಕೊಳ್ಳಿ. ಅವರಿಗೆ ಸದ್ಯಕ್ಕೆ ಲೈಬ್ರರಿಗಳಲ್ಲಿ ನಡೆಯೋ ಇಂಗ್ಲಿಷ್ ಮಾತುಕತೆಯ ಗುಂಪುಗಳೇ ಸರಿ. ನಮ್ಮ ಕಡೆ ಅಲ್ಲಿ ಯಾವ ವೀಸಾ ಅಂತ ಯಾರೂ ಕೇಳಲ್ಲ. ಶಿಫ್ಟ್ ನೋಡ್ಕೊಂಡು ಹತ್ತಿರದ ಲೈಬ್ರರಿಯಲ್ಲಿ ವಿಚಾರಿಸೋಕೆ ಹೇಳಿ.