ವಿಂಟರ್‌ಸೆಟ್‌ನ ಹಳೆ ಅಂಗಡಿ: ಇಟ್ಟಿಗೆ ಉದುರುವುದಕ್ಕೆ ಪರಿಹಾರ
ಅಮೆರಿಕದ ಐಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯಲ್ಲಿ ನೀವು ಕೊಂಡ ಹಳೆ ಅಂಗಡಿಯ ಇಟ್ಟಿಗೆ ಚಕ್ಕೆ ಏಳುತ್ತಿದೆ, ಏನು ಮಾಡಬೇಕು, ರಿಪೇರಿಗೆ ಅನುಮತಿ ಬೇಕೇ ಎಂದು ಕೇಳಿದ್ದಿರಿ. ಚಕ್ಕೆ ಏಳುವುದಕ್ಕೆ ಬಹುತೇಕ ಕಾರಣ, ಇಟ್ಟಿಗೆಗಳ ನಡುವಿನ ಸಂದಿಗೆ ಯಾರೋ ತುಂಬಿದ ಗಟ್ಟಿ ಸಿಮೆಂಟು. ಗೋಡೆಯ ತೇವ ಸಂದಿಯಿಂದ ಆರಲಾಗದೆ, ಮೆತ್ತನೆ ಇಟ್ಟಿಗೆಯೊಳಗೇ ಹೆಪ್ಪುಗಟ್ಟಿ ಮುಖ ಸಿಡಿಸುತ್ತದೆ.

ಮೊದಲು ಸೂರಿನ ಸೋರಿಕೆ ನಿಲ್ಲಿಸಿ. ಆಮೇಲೆ ಉಳಿಯಿಂದ ಸಂದಿಯನ್ನು ಅದರ ಅಗಲದ ಎರಡೂವರೆ ಪಟ್ಟು ಆಳ ಕೆರೆಯಿರಿ. ಕತ್ತರಿಸುವ ಗ್ರೈಂಡರ್ ಯಂತ್ರ ಬೇಡ, ಕತ್ತರಿಸಿಹೋದ ಇಟ್ಟಿಗೆಯ ಅಂಚು ಮತ್ತೆ ಬಾರದು. ನೀರು ಚಿಮುಕಿಸಿ, 1 ಪಾಲು ಸುಣ್ಣಕ್ಕೆ 3 ಪಾಲು ಮರಳಿನ ಗಾರೆ ಪದರಪದರವಾಗಿ ಒತ್ತಿ. ನೀರು ಹೆಪ್ಪುಗಟ್ಟುವಷ್ಟು ಚಳಿಯ ದಿನಗಳಲ್ಲಿ ಮಾಡಬೇಡಿ. ನೀರು ತಡೆಯುವ ಲೇಪನ (ಸೀಲರ್) ಬಳಿದರಂತೂ ತೇವ ಒಳಗೇ ಸಿಕ್ಕಿಬೀಳುತ್ತದೆ.

ಇನ್ನು ಅನುಮತಿಯ ವಿಚಾರ: ಕಟ್ಟಡ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಾದ ರಾಷ್ಟ್ರೀಯ ರಿಜಿಸ್ಟರ್‌ನಲ್ಲಿದೆ ಎಂಬುದಷ್ಟೇ ಸ್ವಂತ ಖರ್ಚಿನ ರಿಪೇರಿಗೆ ಅಡ್ಡಿಯಲ್ಲ. ಊರಿನ ನಿಯಮ ಬೇರೆಯಿರಬಹುದು, ಸಿಟಿ ಹಾಲ್‌ನಲ್ಲಿ ವಿಚಾರಿಸಿ. ದೊಡ್ಡ ನವೀಕರಣ ಮಾಡಿ 20% ಫೆಡರಲ್ ತೆರಿಗೆ ಕ್ರೆಡಿಟ್ (ಅರ್ಹ ಖರ್ಚಿನ 20%ರಷ್ಟು ಕೇಂದ್ರ ತೆರಿಗೆಯಲ್ಲಿ ಕಡಿತ) ಪಡೆಯುವ ಯೋಚನೆಯಿದ್ದರೆ, ಉಳಿ ಮುಟ್ಟಿಸುವ ಮುಂಚೆಯೇ ರಾಜ್ಯದ ಪರಂಪರೆ ಕಚೇರಿಗೆ ಫೋಟೋ ಸಮೇತ ಅರ್ಜಿ ಕೊಡಿ.